ಮಾಳಿಗೆಗೆ ಬಿಳಿ ಕೂಲ್ ಕೋಟ್: ಬಿಸಿಲಿಗೆ ಹಚ್ಚಿ, ಸೋರಿಕೆಗೆ ಅಲ್ಲ

ಕೂಲ್ ಕೋಟ್ ಅಂದರೆ ಬಿಸಿಲಿನ ಕಾವು ತಡೆಯಲು ಮಾಳಿಗೆಗೆ ಹಚ್ಚುವ ಬಿಳಿ ಬಣ್ಣ. ಅದರ ಡಬ್ಬದ ಮೇಲೆ ಎರಡು ಮಾತು ದೊಡ್ಡದಾಗಿ ಬರೆದಿರುತ್ತಾರೆ. ಒಂದು, ಮನೆ ತಂಪಾಗುತ್ತದೆ. ಇನ್ನೊಂದು, ಮಾಳಿಗೆ ಸೋರುವುದಿಲ್ಲ. ಮೊದಲನೇದು ಒಂದು ಮಟ್ಟಿಗೆ ನಿಜ. ಎರಡನೇದನ್ನು ನಂಬಿ ದುಡ್ಡು ಹಾಕಬೇಡಿ. ಹೋದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆ ಮಾಳಿಗೆಗೆ ನಾನೇ ನಿಂತು ಇದನ್ನು ಹಚ್ಚಿದೆ, ನಡುವೆ ಒಂದು ಮಳೆಗಾಲ ಮುಗಿದು ಈಗ ಮತ್ತೆ ಬಿಸಿಲು ಏರಿದೆ, ಹಾಗಾಗಿ ಈಗ ಬರೆಯುತ್ತಿದ್ದೇನೆ. ಹಚ್ಚಿದ ವಾರವೇ ಬರೆಯೋ ರಿವ್ಯೂಗಳಿಂದ ಏನೂ ಗೊತ್ತಾಗಲ್ಲ. ಆಗ ಎಲ್ಲರ ಮಾಳಿಗೆಯೂ ಬೆಳ್ಳಗೇ ಇರುತ್ತದೆ.

ಕಂಪನಿ ಹೆಸರು ಬೇಡ. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಬಣ್ಣದ ಅಂಗಡಿಗೆ ಹೋದರೆ ನಾಲ್ಕೈದು ತರಹದ ಡಬ್ಬ ತೋರಿಸುತ್ತಾರೆ, ಒಳಗಿರೋದು ಹೆಚ್ಚುಕಡಿಮೆ ಅದೇ ಬಿಳಿ ಅಕ್ರಿಲಿಕ್. ನೋಡಬೇಕಾದ್ದು ಎಸ್‌ಆರ್‌ಐ ಅನ್ನೋ ಸಂಖ್ಯೆ. ಬಿಸಿಲನ್ನು ಎಷ್ಟು ವಾಪಸ್ ಕಳಿಸುತ್ತದೆ, ಒಳಗೆ ಸೇರಿದ ಕಾವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎನ್ನುವ ಲೆಕ್ಕ ಅದು. ಮಾದರಿ ಕಪ್ಪಿಗೆ 0, ಮಾದರಿ ಬಿಳಿಗೆ 100. ನೂರು ದಾಟಿದ ಡಬ್ಬಗಳೂ ಸಿಗುತ್ತವೆ. ಸಂಖ್ಯೆಯನ್ನೇ ಬರೆಯದ ಡಬ್ಬ ಎಷ್ಟೇ ಅಗ್ಗ ಇದ್ದರೂ ಬಿಟ್ಟುಬಿಡಿ. ಅಂಗಡಿಯವರು ಮಾತ್ರ "ಸಾಹೇಬ್ರ, ಇದ್ ಹಚ್ರಿ, ಕೂಲರ್ ಬಂದ್ ಮಾಡಿ ಮಲಗ್ತೀರಿ" ಅಂದರು. ಅಷ್ಟೇನೂ ಇಲ್ಲ, ಮುಂದೆ ಹೇಳುತ್ತೇನೆ. ಆದರೆ ಇದು ಸುಮ್ನೆ ಮಾರಾಟದ ಮಾತೂ ಅಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿದೆ, ಅಲ್ಲಿ ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಇದು ಕಡ್ಡಾಯ. ಅವರಿಗಿರೋ ಬಿಸಿಲೇ ನಮಗೂ ಇರೋದು ಅಲ್ವಾ.

ಇನ್ನು ಕೆಲಸದ ಮಾತು. ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಮಧ್ಯಾಹ್ನ ಪೂರ್ತಿ ಬಿಡುವು, ಮಾಳಿಗೆ ಕೆಲಸ ಮಾಡಿಕೊಳ್ಳಬಹುದು ಎಂದು ಯಾರಿಗಾದರೂ ಅನಿಸುತ್ತದೆ. ಆಗಲ್ಲ. ಬಿಸಿಲಿಗೇ ಅಂತ ಮಾಡಿದ ಈ ಬಣ್ಣವನ್ನು ಬಿಸಿಲಲ್ಲಿ ಹಚ್ಚುವ ಹಾಗಿಲ್ಲ! ಕಾದ ಸ್ಲ್ಯಾಬಿನ ಮೇಲೆ ಬಿದ್ದ ತಕ್ಷಣ ನೀರಿನಂಶ ಆರಿಹೋಗಿ, ಬಣ್ಣ ಸಿಮೆಂಟಿಗೆ ಹಿಡಿಯೋದೇ ಇಲ್ಲ, ಆಮೇಲೆ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಅದಕ್ಕೇ ನಾನು ಬಸವ ಜಯಂತಿ ರಜೆಗೆ ಸಿ.ಎಲ್. (ಸಾಂದರ್ಭಿಕ ರಜೆ) ಜೋಡಿಸಿಕೊಂಡು, ನಸುಕಿನಲ್ಲಿ ಎದ್ದು ಮಾಳಿಗೆ ಹತ್ತಿ, ಬಿಸಿಲು ಚುರುಗುಟ್ಟುವ ಮುಂಚೆ ಇಳಿದುಬಿಡುತ್ತಿದ್ದೆ. ಎಂಟೂವರೆ ಆದ ಮೇಲೆ ರೋಲರ್ ಮುಟ್ಟಬೇಡಿ.

ಹಚ್ಚೋದು ಸುಲಭ. ಜಾಸ್ತಿ ಹೊತ್ತು ಹಿಡಿಯೋದು ಅದಕ್ಕಿಂತ ಮುಂಚಿನ ಕೆಲಸ, ಅದನ್ನು ಡಬ್ಬದ ಮೇಲೆ ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ತಂತಿ ಬ್ರಷ್ ಹಿಡಿದು ಕೂತು ಹಳೇ ಪಾಚಿಯ ಕಪ್ಪು ಕೆರೆಯಬೇಕು. ಬಿರುಕಿನ ಒಳಗೆ ಕೂತ ಮಣ್ಣನ್ನು ಮೊಳೆಯಿಂದ ಗೀರಿ ತೆಗೆಯಬೇಕು. ನಮ್ಮಲ್ಲಿ ಕೂದಲೆಳೆಯಷ್ಟು ಕಾಣುತ್ತಿದ್ದ ಒಂದು ಬಿರುಕು ಗೀರುತ್ತಾ ಹೋದ ಹಾಗೆ ಬೆರಳು ಹೋಗುವಷ್ಟಾಯಿತು, ಅದರೊಳಗೆ ಬೇರು ಬಿಟ್ಟ ಹುಲ್ಲು ಬೇರೆ. ಅದನ್ನೆಲ್ಲ ಕ್ರ್ಯಾಕ್ ಫಿಲ್ಲರ್‌ನಿಂದ ತುಂಬಿ, ಒಣಗಿಸಿ, ನಲ್ಲಿ ನೀರು ಬರೋ ದಿನ ನೋಡಿಕೊಂಡು ತೊಳೆದು, ಅದು ಪೂರ್ತಿ ಆರಿದ ಮೇಲೆ ಮೊದಲ ಕೈ. ಮೊದಲ ಕೈಗೆ ನೀರು ಬೆರೆಸಿ ತೆಳುವಾಗಿ ಹಚ್ಚಬೇಕು, ಹಳೇ ಸಿಮೆಂಟ್ ಅದನ್ನು ಗಟಗಟ ಕುಡಿಯುತ್ತದೆ, ನೋಡೋಕೆ ಏನೂ ಹಚ್ಚಿಲ್ಲವೇನೋ ಅನಿಸುತ್ತದೆ. ಆಮೇಲೆ ದಪ್ಪಗೆ ಎರಡು ಕೈ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಡಬ್ಬದ ಮೇಲೆ ಇಷ್ಟು ಚದರಡಿಗೆ ಸಾಕು ಎಂದು ಬರೆದಿರೋದು ನಯವಾದ ಮೇಲ್ಮೈಗೆ, ನಮ್ಮಂಥ ಒರಟು ಸ್ಲ್ಯಾಬಿಗಲ್ಲ. 20 ಲೀಟರಿನ ಡಬ್ಬ ಐದು ಸಾವಿರಕ್ಕೆ ಸ್ವಲ್ಪ ಕಡಿಮೆಗೆ ಸಿಕ್ಕಿತು, ಮೇಲೆ ಒಂದು ಸಣ್ಣ ಡಬ್ಬವೂ ಬೇಕಾಯಿತು.

ಫಲ ಏನು? ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಮಾಳಿಗೆ ಮೇಲೆ ನಿಲ್ಲಬಹುದು. ಕಲಬುರಗಿಯ ಮೇ ತಿಂಗಳು ಗೊತ್ತಿರುವವರಿಗೆ ಇದು ಎಂಥ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ನೀರಿನ ಟ್ಯಾಂಕಿನ ಸಂದಿಯಲ್ಲಿ ರೋಲರ್ ಹೋಗದೆ ಒಂದು ಪಟ್ಟಿ ಹಾಗೇ ಉಳಿದಿದೆ, ಅಲ್ಲಿ ಕಾಲಿಟ್ಟರೆ ಮಾತ್ರ ಜಿಗಿಯಬೇಕಾಗುತ್ತದೆ. ಒಳಗೆ ಕೋಣೆಯಲ್ಲಿ ನಮ್ಮ ಥರ್ಮಾಮೀಟರ್ ತೋರಿಸಿದ ವ್ಯತ್ಯಾಸ ಎರಡು ಮೂರು ಡಿಗ್ರಿ. ಹೊರಗೆ 43 ಇದ್ದಾಗ ಅಷ್ಟರಿಂದ ಕೋಣೆ ತಂಪೇನೂ ಆಗಲ್ಲ, ಕೂಲರ್ ಬೇಕೇ ಬೇಕು. ನಿಜವಾದ ಸುಖ ರಾತ್ರಿಯದು. ಮುಂಚೆ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಕಾವು ಕೆಳಗೆ ಬಿಡುತ್ತಿತ್ತು, ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ. ಈಗ ಊಟ ಮುಗಿಯುವ ಹೊತ್ತಿಗೆ ಫ್ಯಾನ್ ಗಾಳಿ ಗಾಳಿಯಾಗಿಯೇ ಬರುತ್ತದೆ. ನನ್ನ ಪ್ರಕಾರ ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು.

ಸೋರಿಕೆಗೆ ಬರೋಣ. ಪ್ಯಾರಾಪೆಟ್ ಗೋಡೆಯೂ ಸ್ಲ್ಯಾಬೂ ಕೂಡುವ ಮೂಲೆಯಲ್ಲಿ, ಮೊದಲು ಎಲ್ಲಿ ತೇವ ಕಾಣುತ್ತಿತ್ತೋ ಜುಲೈ ಮಳೆಗೆ ಅಲ್ಲೇ ಮತ್ತೆ ಕಾಣಿಸಿತು. ಇದಕ್ಕೆ ಬಣ್ಣವನ್ನು ಬೈದು ಉಪಯೋಗವಿಲ್ಲ. ಸ್ಲ್ಯಾಬು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಅದರ ಜತೆ ಬಿರುಕೂ ಅಲುಗುತ್ತದೆ, ಅಷ್ಟು ತೆಳುವಾದ ಪದರ ಅದನ್ನು ಎಷ್ಟು ದಿನ ತಡೆದೀತು? ಮೇಲಾಗಿ ಅಲ್ಲಿ ಇಳಿಜಾರು ಸರಿಯಿಲ್ಲದೆ ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಈ ಬಣ್ಣ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಮೂಲೆಗೆ ಫೈಬರ್ ಬಲೆಯ ಬಟ್ಟೆ ಅಂಟಿಸಿ ಅದರ ಮೇಲೆ ಹಚ್ಚಿದರೆ ಸ್ವಲ್ಪ ತಡೆಯುತ್ತದೆ ನಿಜ, ಆದರೆ ಇಳಿಜಾರನ್ನು ಗೌಂಡಿಯೇ ಬಂದು ಸರಿಮಾಡಬೇಕು, ಅದು ರಜೆಯಲ್ಲಿ ನಾವು ಮಾಡಿಕೊಳ್ಳುವ ಕೆಲಸವಲ್ಲ.

ಸುಣ್ಣ ಸಾಲದೇ ಎಂದು ಕೇಳುವವರಿದ್ದಾರೆ. ಶಹಾಬಾದ್ ಕಲ್ಲಿನ ನಾಡಿನವರು ನಾವು, ಸುಣ್ಣದಕಲ್ಲಿಗೆ ಬರವಿಲ್ಲ. ಹೊಸದಾಗಿ ಬಳಿದ ಸುಣ್ಣವೂ ಬಿಸಿಲನ್ನು ಚೆನ್ನಾಗಿಯೇ ತಳ್ಳುತ್ತದೆ, ಖರ್ಚೂ ತೀರಾ ಕಡಿಮೆ. ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಅಲ್ಲಿವರೆಗೂ ಕಾಲಿಗೆ ಮೆತ್ತಿಕೊಂಡು ಮನೆಯೊಳಗೆ ಬರುತ್ತದೆ, ಅಷ್ಟೇ ತೊಂದರೆ. ಬಾಡಿಗೆ ಮನೆಯವರು ಕಣ್ಣುಮುಚ್ಚಿ ಸುಣ್ಣ ಬಳಿಯಿರಿ. ಮಾಲೀಕರ ಮಾಳಿಗೆಗೆ ಐದು ಸಾವಿರ ಯಾಕೆ ಸುರಿಯಬೇಕು?

ವರ್ಷದಲ್ಲಿ ಬಿಳಿ ಮಾಸಿದೆ. ನಮ್ಮೂರ ಧೂಳಿಗೆ ಯಾವ ಬಿಳಿ ತಾನೇ ನಿಂತೀತು? ಆದರೆ ಬೇಸಿಗೆ ಶುರುವಿನಲ್ಲಿ ಒಮ್ಮೆ ಮೆತ್ತನೆ ಬ್ರಷ್ ಹಾಕಿ ತೊಳೆದೆ, ಮುಕ್ಕಾಲು ಪಾಲು ವಾಪಸ್ ಬಂತು. ಮಳೆಯಲ್ಲಿ ಒದ್ದೆಯಾದರೆ ಜಾರುತ್ತದೆ, ಮಕ್ಕಳು ವಯಸ್ಸಾದವರು ಇರೋ ಮನೆಯಲ್ಲಿ ಮೆಟ್ಟಿಲ ಬಾಗಿಲಿನ ಹತ್ತಿರ ಒಂದಿಷ್ಟು ಜಾಗ ಹಚ್ಚದೇ ಬಿಡಿ. ಮಧ್ಯಾಹ್ನ ಮೇಲೆ ಹೋದರೆ ಕಣ್ಣು ಕೋರೈಸುತ್ತದೆ. ಹಪ್ಪಳ ಸಂಡಿಗೆ ಹಾಕೋಕೆ ಹೋಗುವ ನಮ್ಮ ಅತ್ತೆಯವರು ಈಗ ನನ್ನ ಬೈಕಿನ ಕಪ್ಪು ಕನ್ನಡಕ ಹಾಕಿಕೊಂಡೇ ಹತ್ತುತ್ತಾರೆ. ಆ ಸೋರುವ ಮೂಲೆಗೆ ಮಿರಗದ (ಮೃಗಶಿರಾ ಮಳೆಯ) ಮುಂಚೆ ಬರುತ್ತೇನೆ ಎಂದು ಗೌಂಡಿ ಹೇಳಿದ್ದಾರೆ, ಅವರು ಕೋಬಾ (ಇಳಿಜಾರಿಗೆ ಹಾಕುವ ಗಾರೆ ಪದರ) ಮುಗಿಸಿದ ಮೇಲೆ ಸಣ್ಣ ಡಬ್ಬದಲ್ಲಿ ಉಳಿದ ಬಣ್ಣವನ್ನು ಅಲ್ಲಿಗೇ ಹಚ್ಚಬೇಕೆಂದಿದ್ದೇನೆ.