ಬಿಲ್ಲೆಯಲ್ಲಿ 1851 ಅಂತ ಇದ್ದರೆ ನಂಬಬೇಡಿ: ಹಳೇ ಸಿಂಗರ್ ಮಷಿನ್ ಕೊಳ್ಳುವವರಿಗೆ

ಹಳೇ ಸಿಂಗರ್ ಹೊಲಿಗೆ ಮಷಿನ್ ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಮ್ಮಕ್ಕನಿಗೆ ಆದ ಮೋಸ ಇನ್ನೊಬ್ಬರಿಗೆ ಆಗಬಾರದು.

ಅಕ್ಕ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಬಾಗಿಲ ಬಳಿ ಒಂದು ಹಳೇ ಮಷಿನ್ ಇಡಬೇಕು ಅಂತ ಅವಳಿಗೆ ಬಹಳ ದಿನದ ಆಸೆ. ಹಳೇ ಸಾಮಾನು ಮಾರುವವರೊಬ್ಬರು ಮಿರಮಿರ ಮಿಂಚುವ ಕಪ್ಪು ಸಿಂಗರ್ ತೋರಿಸಿದರು. ಅದರ ಬಿಲ್ಲೆಯಲ್ಲಿ 1851 ಅಂತ ಇತ್ತು. "ಇಸವಿ ಇಲ್ಲೇ ಇದೆ ನೋಡಮ್ಮಾ, ನೂರೆಪ್ಪತ್ತು ವರ್ಷದ ಮಾಲು" ಅಂತ ಹೇಳಿ 38 ಸಾವಿರ ಎಣಿಸಿಕೊಂಡರು.

ಎಣ್ಣೆ ಹಾಕಲು ಬಂದ ರಿಪೇರಿಯವರಿಗೆ ಮೊದಲ ನೋಟಕ್ಕೇ ಅನುಮಾನ ಬಂತು. ಬಿಲ್ಲೆಯ ಅಂಚಿಗೆ ಮೆತ್ತಿದ್ದ ಕಪ್ಪು ಬಣ್ಣವನ್ನು ಥಿನ್ನರ್ ಹಚ್ಚಿ ಒರೆಸಿದರು. 1851ರ ಪಕ್ಕದಲ್ಲೇ 1951 ಕಾಣಿಸಿತು! ಕಂಪನಿ ತನ್ನ ನೂರನೇ ವರ್ಷಕ್ಕೆ ಹಾಕಿದ ನೀಲಿ ಅಂಚಿನ ಬಿಲ್ಲೆ ಅದು. 1851 ಅಂದರೆ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ವರ್ಷ. ಆಗಿನ ಮಷಿನ್ ನೋಡಲು ಹೀಗೆ ಇರಲೇ ಇಲ್ಲ. ಅದು ಬಂದ ಮರದ ಪೆಟ್ಟಿಗೆಯೇ ಅದಕ್ಕೆ ಸ್ಟ್ಯಾಂಡ್ ಆಗಿತ್ತು.

ನಿಜವಾದ ವಯಸ್ಸು ಹೇಳುವುದು ಸೀರಿಯಲ್ ನಂಬರ್. ಸಾಮಾನ್ಯವಾಗಿ ಅದು ಮಷಿನ್ನಿನ ಹಾಸಿನ ಮೇಲೆ, ಬಲಗಡೆ ಕಂಬದ ಬುಡದಲ್ಲಿ, ಕಬ್ಬಿಣದಲ್ಲೇ ಒತ್ತಿರುತ್ತದೆ. ಅಕ್ಕನ ಮಷಿನ್ನಿನಲ್ಲಿ ಆ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರು. ನನಗೆ ಸಿಟ್ಟು ಬಂದದ್ದು ಇಲ್ಲೇ. ಗೊತ್ತಿಲ್ಲದೆ ಹೇಳಿದ ಸುಳ್ಳಲ್ಲ ಇದು, ಬೇಕೂಂತಲೇ ಮುಚ್ಚಿಟ್ಟದ್ದು. ಕೆರೆದು ನೋಡಿದರೆ ನಂಬರ್ 'ಇಎಚ್' ಅಂತ ಶುರುವಾಗುತ್ತಿತ್ತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯ, 1951ರ ಸುಮಾರಿನ ಮಷಿನ್ ಅದು. ಆ ಕಾರ್ಖಾನೆ ಎದ್ದದ್ದೇ 1880ರ ದಶಕದಲ್ಲಿ!

1900ಕ್ಕಿಂತ ಮೊದಲಿನ ಸಿಂಗರ್‌ಗಳಲ್ಲಿ ನಂಬರಿನ ಮುಂದೆ ಅಕ್ಷರ ಇರುವುದಿಲ್ಲ, ಬರೀ ಅಂಕಿ. ಅಕ್ಷರ ಇದ್ದೂ "ನೂರೈವತ್ತು ವರ್ಷದ್ದು" ಅಂದರೆ ಅಲ್ಲಿಂದ ಎದ್ದು ಬನ್ನಿ. ಯಾವ ನಂಬರ್ ಯಾವ ವರ್ಷದ್ದು ಅಂತ ಹೇಳುವ ಪಟ್ಟಿಯಲ್ಲಿ ಸಿಗುವ ವರ್ಷವೂ ಆ ನಂಬರ್‌ಗಳನ್ನು ಕಾರ್ಖಾನೆಗೆ ಹಂಚಿದ ವರ್ಷ. ಮಷಿನ್ ತಯಾರಾದದ್ದು ಸ್ವಲ್ಪ ಆಮೇಲೆ ಇರಬಹುದು. ಸೂಜಿಯ ಬಳಿಯ ಜಾರುವ ತಗಡಿನ ಮೇಲಿನ ಪೇಟೆಂಟ್ ತಾರೀಖುಗಳನ್ನು ತೋರಿಸಿದರೂ ಅಷ್ಟೇ, ಮಷಿನ್ ಅದಕ್ಕಿಂತ ಎಷ್ಟೋ ವರ್ಷ ಈಚಿನದ್ದಾಗಿರಬಹುದು. ಹೊಸ ಬಣ್ಣ, ಹೊಸ ಚಿನ್ನದ ಹೂಬಳ್ಳಿ ಸ್ಟಿಕ್ಕರ್ ಕಂಡರೆ ಜಾಸ್ತಿ ಹುಷಾರಾಗಿರಿ. ಎರಡನೇ ಮಹಾಯುದ್ಧದ ನಂತರ ಸಿಂಗರ್ 15ನೇ ಮಾಡಲಿನ ನಕಲುಗಳು ಜಪಾನಿನಲ್ಲಿ ರಾಶಿ ರಾಶಿ ತಯಾರಾದವು. ಸ್ಟಿಕ್ಕರ್ ಅಂಟಿಸಿದರೆ ದೂರದಿಂದ ಗುರುತು ಹಿಡಿಯುವುದು ಕಷ್ಟ.

ಒಳಗೆ 'ಕೆಂಪು ಪಾದರಸ' ಅನ್ನುವ ಭಾರೀ ಬೆಲೆಯ ವಸ್ತು ಇದೆ ಅಂತ ಬೆಲೆ ಏರಿಸುವವರ ಮಾತಂತೂ ಕೇಳಲೇಬೇಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ಹಬ್ಬಿ, ಜನ ಹಳೇ ಸಿಂಗರ್‌ಗೆ ಲಕ್ಷಾಂತರ ರೂಪಾಯಿಯಷ್ಟು ಹಣ ಸುರಿದಿದ್ದರು. ಅಂಥದ್ದೇನೂ ಅದರಲ್ಲಿ ಇಲ್ಲ.

ಅಕ್ಕ ದುಡ್ಡು ವಾಪಸ್ ಕೇಳಿದಾಗ ಮಾರಿದವರು ಬಿಲ್ ತೋರಿಸಿದರು. ಅದರಲ್ಲಿ ಇದ್ದದ್ದು "ಹಳೇ ಮಷಿನ್ 1" ಅಂತ ಮಾತ್ರ. ನೀವು ಕೊಳ್ಳುವಾಗ ಸೀರಿಯಲ್ ನಂಬರ್ ಮತ್ತು ಅವರು ಬಾಯಲ್ಲಿ ಹೇಳಿದ ಇಸವಿ, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಂಡು ಸಹಿ ಹಾಕಿಸಿ. ಬರೆಯಲು ಒಪ್ಪದಿದ್ದರೆ ದುಡ್ಡು ಕೊಡಬೇಡಿ.