ಫರ್ನೇಸ್ ಕಾಯಿಲ್ ತರುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಎರಕದ ಕೆಲಸ. ಹಿತ್ತಾಳೆ ಗಂಟೆ, ದೀಪ ಮಾಡುತ್ತೇವೆ. ಲೋಹ ಕರಗಿಸುವ ಮೂಸೆ ಕಾಯಿಸಲು ಕರೆಂಟ್ ಫರ್ನೇಸ್ ಇದೆ. ಅದರ ಮೊದಲ ಕಾಯಿಲ್, ಅಂದರೆ ಬಿಸಿ ಕೊಡುವ ಸುರುಳಿ ತಂತಿ, ಎರಡು ವರ್ಷ ಬಾಳಿತು. ದೀಪಾವಳಿ ಆರ್ಡರ್ ತುಂಬಿದ್ದಾಗಲೇ ತುಂಡಾಯಿತು. ಅವಸರದಲ್ಲಿ ಒಂದು ಅಂಗಡಿಯಲ್ಲಿ ಅದೇ ಅಳತೆಗೆ ಹೊಸದು ಸುತ್ತಿಸಿದೆ. ಬಿಲ್‌ನಲ್ಲಿ ‘ಕಾಂಥಾಲ್ ಎ-1’ ಅಂತಲೇ ಇತ್ತು. 18ನೇ ದಿನಕ್ಕೆ ಸುಟ್ಟುಹೋಯಿತು. ಅರ್ಧ ಕರಗಿದ ಹಿತ್ತಾಳೆ ಮೂಸೆಯಲ್ಲೇ ಗಟ್ಟಿಯಾಯಿತು. ಮೂಸೆಯೂ ಹಾಳು, ಆರ್ಡರೂ ಹೋಯಿತು.

ಪರಿಚಯದ ಮೆಕ್ಯಾನಿಕ್ ಬಂದು ತಂತಿಗೆ ಮ್ಯಾಗ್ನೆಟ್ ಹಿಡಿದರು. ಅಂಟಲಿಲ್ಲ. ಹಳೆಯ ತುಂಡಿಗೆ ಹಿಡಿದರೆ ಟಪ್ ಅಂತ ಅಂಟಿತು. ‘ಇದು ಎ-1 ಅಲ್ರೀ, ನೈಕ್ರೋಮ್ ಐತಿ’ ಅಂದರು.

ಎ-1 ಅಂದರೆ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ತಂತಿ. 1400 ಡಿಗ್ರಿವರೆಗೆ ತಾಳುತ್ತದೆ. ನಿಕ್ಕಲ್ ಮತ್ತು ಕ್ರೋಮಿಯಂನ ನೈಕ್ರೋಮ್‌ಗೆ 1200 ಡಿಗ್ರಿಯೇ ಮಿತಿ. ಹಿತ್ತಾಳೆ 900 ಡಿಗ್ರಿ ದಾಟಿದ ಮೇಲೆ ಕರಗುತ್ತದೆ ನಿಜ. ಆದರೆ ಮೂಸೆಗಿಂತ ತಂತಿ ಬಹಳ ಜಾಸ್ತಿ ಬಿಸಿ ಇರುತ್ತದೆ, ಅಲ್ವಾ? ಇನ್ನೊಂದು ಮುಖ್ಯ ಮಾತು: ನೈಕ್ರೋಮ್‌ನ ರೆಸಿಸ್ಟೆನ್ಸ್ ಕಡಿಮೆ. ಅದೇ ದಪ್ಪ, ಅದೇ ಉದ್ದ ಇಟ್ಟರೆ ಸುಮಾರು ಮೂರನೇ ಒಂದು ಪಾಲು ಹೆಚ್ಚು ಕರೆಂಟ್ ಎಳೆಯುತ್ತದೆ. ಮೊದಲ ವಾರ ಎರಡು ಸಲ ಎಂಸಿಬಿ ಬಿದ್ದಿತ್ತು. ಲೈನ್ ತೊಂದರೆ ಅಂದುಕೊಂಡು ಸುಮ್ಮನಿದ್ದೆ. ಆಗಲೇ ನಿಲ್ಲಿಸಬೇಕಿತ್ತು.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ತಂತಿ ಕೊಳ್ಳುವಾಗ ಉಂಡೆಯ ಮೇಲಿನ ಲೇಬಲ್ ನೋಡಿ. ಮೀಟರಿಗೆ ಎಷ್ಟು ಓಮ್ ಅಂತ ಕೇಳಿ, ಮಲ್ಟಿಮೀಟರ್ ಹಿಡಿದು ಅಳೆಯಿರಿ. ಮ್ಯಾಗ್ನೆಟ್ ಅಂಟಿದ ಮಾತ್ರಕ್ಕೆ ಎ-1 ಅಂತ ನಂಬಬೇಡಿ. ಅದೇ ಜಾತಿಯ ಕಡಿಮೆ ದರ್ಜೆಯ ತಂತಿಗೂ ಅಂಟುತ್ತದೆ.

ಮುಂದಿನ ಕಾಯಿಲ್ ಅಸಲಿಯೇ. ಅದನ್ನು ಕೆಡಿಸಿದವನು ನಾನು. ಲೋಹದ ಕಸ ಬಿಡಿಸಲು ಮೂಸೆಗೆ ಬಿಳಿಗಾರ (ಬೊರಾಕ್ಸ್) ಎಸೆಯುವಾಗ ಪುಡಿ ಹಾರಿ ತಂತಿಯ ಮೇಲೆ ಬಿತ್ತು. ಈ ತಂತಿಯನ್ನು ಕಾಯುವುದು ಅದರ ಮೈಮೇಲಿನ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪದರ. ಬಿಸಿಗೆ ಬಿಳಿಗಾರ ಗಾಜಿನಂತೆ ಕರಗಿ ಆ ಪದರವನ್ನೇ ತಿನ್ನುತ್ತದೆ. ಸರಿಯಾಗಿ ಅಲ್ಲೇ ತಂತಿ ತುಂಡಾಯಿತು. ತುದಿಗಳನ್ನು ಹಿಡಿದು ಹೊಸೆಯಲು ಹೋದೆ, ಒಣಕಡ್ಡಿಯಂತೆ ಮುರಿಯಿತು. ಒಮ್ಮೆ ಚೆನ್ನಾಗಿ ಕಾದ ಮೇಲೆ ಈ ತಂತಿ ತಣ್ಣಗಿದ್ದಾಗ ಬಗ್ಗುವುದಿಲ್ಲ. ಬಗ್ಗಿಸಲೇಬೇಕಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಿಕೊಳ್ಳಿ.

ಈಗ ಬಿಳಿಗಾರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಇಕ್ಕಳದಲ್ಲಿ ಒಳಗಿಡುತ್ತೇವೆ. ಅದಕ್ಕೂ ಮೊದಲು ಸ್ವಿಚ್ ಆಫ್. ಬರಿಯ ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ಇಕ್ಕಳ ತಗುಲಿದರೆ ಜೀವವೇ ಹೋದೀತು. ಹೊಸ ಕಾಯಿಲ್ ಹಾಕಿದ ದಿನ ಎರಕಕ್ಕೆ ಕೈ ಹಾಕುವುದಿಲ್ಲ. ಖಾಲಿ ಫರ್ನೇಸನ್ನು 1050 ಡಿಗ್ರಿಯಲ್ಲಿ ಏಳೆಂಟು ಗಂಟೆ ಉರಿಸುತ್ತೇವೆ, ಗಾಳಿಯಾಡಲು ಮುಚ್ಚಳ ಸ್ವಲ್ಪ ಸರಿಸಿಟ್ಟು. ಆ ಪದರ ಕಟ್ಟಿಕೊಳ್ಳುವುದು ಆಗಲೇ.