ಬಿಎಫ್ ನಂಬರ್ ಒಂದನ್ನೇ ನೋಡಿ ರೀಸೈಕಲ್ ಕ್ರಾಫ್ಟ್ ರೀಲ್ ತಗೊಳ್ಳಬೇಡಿ

ರಟ್ಟಿನ ಬಾಕ್ಸ್ ಮಾಡುವವರು, ಮಾಡಿಸುವವರು ಇದನ್ನು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ. "ನಾರು ಸುಧಾರಿಸಿದ ರೀಸೈಕಲ್ ಕ್ರಾಫ್ಟ್" (ಹಳೇ ಪೇಪರಿನಿಂದ ಮಾಡಿದ ಬಾಕ್ಸ್ ಪೇಪರ್) ಅಂತ ಮಾರುವ ರೀಲ್‌ಗಳಿಂದ ನಮ್ಮ ಯೂನಿಟ್‌ಗೆ ಭಾರಿ ಪೆಟ್ಟು ಬಿದ್ದಿದೆ. ತಮಾಷೆ ಏನೆಂದರೆ, ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಟೆಸ್ಟ್ ರಿಪೋರ್ಟಿನ ಅಂಕಿ ಸರಿಯಾಗಿಯೇ ಇತ್ತು. ಬಾಕ್ಸ್ ಮಾತ್ರ ಕುಸಿಯಿತು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರಿನ ತೂಕ, ಗ್ರಾಂ ಲೆಕ್ಕದಲ್ಲಿ. ಬಿಎಫ್ ಅಂದರೆ ಬರ್ಸ್ಟ್ ಫ್ಯಾಕ್ಟರ್, ಆ ತೂಕಕ್ಕೆ ಹೋಲಿಸಿದರೆ ಪೇಪರ್ ಒಡೆಯದೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಅಂಕಿ. ರೀಲ್ ಮಾರಿದ ಏಜೆಂಟ್ ಹೇಳಿದ್ದು ಇಷ್ಟು. ನೀವು 180 ಜಿಎಸ್‌ಎಂ, 20 ಬಿಎಫ್ ಪೇಪರ್ ಬಳಸುತ್ತಿದ್ದೀರಿ. ನಮ್ಮದು 150 ಜಿಎಸ್‌ಎಂ, 24 ಬಿಎಫ್. ಲೆಕ್ಕ ಹಾಕಿ ನೋಡಿ, ಒಂದೇ ಬರುತ್ತೆ. ಹೌದು, ಒಂದೇ ಬರುತ್ತೆ. ಬಿಎಫ್ ಅನ್ನು ಜಿಎಸ್‌ಎಂನಿಂದ ಗುಣಿಸಿ 1000ದಿಂದ ಭಾಗಿಸಿದರೆ ಎರಡಕ್ಕೂ ಬರ್ಸ್ಟಿಂಗ್ ಸ್ಟ್ರೆಂಗ್ತ್ (ಪೇಪರ್ ಒಡೆಯುವ ಒತ್ತಡ) ಚದರ ಸೆಂಟಿಮೀಟರ್‌ಗೆ 3.6 ಕೆಜಿ. ಪೇಪರ್ ಆರನೇ ಒಂದು ಭಾಗ ಉಳಿತಾಯ. ಯಾರಿಗೆ ಬೇಡ ಹೇಳಿ?

ಮೊದಲ ಗಲಾಟೆ ಮಡಿಕೆಯಲ್ಲಿ ಶುರುವಾಯಿತು. ಕ್ರೀಸ್ ಮೇಲೆ ಬಾಕ್ಸ್ ಮಡಚಿದರೆ ಹೊರಗಿನ ಪದರ ಕೂದಲೆಳೆಯಷ್ಟು ಸೀಳುತ್ತಿತ್ತು. ಮೆಷಿನ್ ಸೆಟ್ಟಿಂಗ್ ಬದಲಾಯಿಸಿದೆವು, ಪೇಪರ್‌ಗೆ ಸ್ವಲ್ಪ ತೇವ ಕೊಟ್ಟು ನೋಡಿದೆವು, ತುಸು ಕಮ್ಮಿಯಾಯಿತು. ಆಮೇಲೆ ಅಂಟು. ಒಳ್ಳೆ ರಟ್ಟಿನ ಚಪ್ಪಟೆ ಪದರ ಅಂದರೆ ಲೈನರ್ ಅನ್ನು ನಡುವಿನ ಅಲೆಅಲೆ ಪದರ ಅಂದರೆ ಫ್ಲೂಟಿನಿಂದ ಕಿತ್ತರೆ ನಾರು ಹರಿದು ಎರಡೂ ಕಡೆ ಅಂಟಿಕೊಂಡಿರಬೇಕು. ಇಲ್ಲಿ ಲೈನರ್ ಸರಕ್ಕನೆ ಬಿಟ್ಟುಕೊಂಡು ಬಂತು, ಫ್ಲೂಟಿನ ತುದಿಗಳಲ್ಲಿ ಹೊಳೆಯುವ ಬಿಳಿ ಗೆರೆಗಳು ಮಾತ್ರ ಉಳಿದವು. ಅಂದರೆ ಅಂಟು ಪೇಪರಿನೊಳಗೆ ಇಳಿದೇ ಇರಲಿಲ್ಲ. ರೀಲ್ ಸುತ್ತಿದ ಕವರ್ ಬಿಚ್ಚಿದಾಗ ಒಂಥರಾ ಹುಳಿ ವಾಸನೆ ಬೇರೆ. ಮಿಲ್‌ನ ನೀರಿನಲ್ಲಿ ಹಳೇ ಪೇಪರಿನ ಸ್ಟಾರ್ಚ್ (ಗಂಜಿ) ಕರಗಿ, ಅದನ್ನು ಬ್ಯಾಕ್ಟೀರಿಯಾ ತಿಂದು ಆಮ್ಲಗಳನ್ನು ಬಿಟ್ಟರೆ ಈ ವಾಸನೆ ಬರುತ್ತದೆ. ನೀರನ್ನು ಮತ್ತೆ ಮತ್ತೆ ತಿರುಗಿಸಿ ಬಳಸುವ ಮಿಲ್‌ಗಳಲ್ಲಿ ಇದು ಹಳೇ ಕಾಯಿಲೆ.

ಇಷ್ಟಾದರೂ ಬರ್ಸ್ಟ್ ಟೆಸ್ಟ್ ಪಾಸ್ ಆಗುತ್ತಿತ್ತು, ಹಾಗಾಗಿ ಮಾಲು ಹೋಯಿತು. ಮಳೆ ಹಿಡಿಯಿತು. ಗ್ರಾಹಕರ ಗೋಡೌನ್‌ನಲ್ಲಿ ಪೇರಿಸಿಟ್ಟ ಬಾಕ್ಸುಗಳಲ್ಲಿ ಕೆಳಗಿನ ಸಾಲು ಮೊದಲು ಹೊಟ್ಟೆ ಬಂದ ಹಾಗೆ ಉಬ್ಬಿತು. ಮೂಲೆಯಿಂದ ಎರಡು ಬೆರಳು ಮೇಲೆ ಓರೆಯಾಗಿ ಒಂದು ಸುಕ್ಕು ಬಿತ್ತು. ಆ ಸುಕ್ಕನ್ನು ಒತ್ತಿದರೆ ಒಳಗೆ ಫ್ಲೂಟ್ ಚಪ್ಪಟೆಯಾಗಿರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಒಂದು ಬಾಕ್ಸೂ ಒಡೆದಿರಲಿಲ್ಲ, ಹರಿದಿರಲಿಲ್ಲ. ಕೂತುಬಿಟ್ಟಿದ್ದವು, ಅಷ್ಟೇ. ಮೇಲಿನ ಪೇರಿ ಪೂರ್ತಿ ವಾಲಿ ಒಳಗಿನ ಮಾಲೂ ಹಾಳಾಯಿತು. ಆ ನಷ್ಟ ಯಾರ ತಲೆಗೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಏಜೆಂಟ್‌ಗೆ ಫೋನ್ ಮಾಡಿದರೆ, "ಸಾರ್, ಬಿಎಫ್ ಬಂದಿದೆಯಲ್ಲ, ಇನ್ನೇನು ಬೇಕು? ನಿಮ್ಮ ಗೋಡೌನ್ ಒದ್ದೆ" ಅಂದರು.

ಈಗ ಅಸಲಿ ವಿಷಯಕ್ಕೆ ಬರೋಣ. ಪೇಪರ್ ಒಂದು ಸಲ ಒಣಗಿತು ಅಂದರೆ ನಾರಿನ ಗೋಡೆಯಲ್ಲಿರುವ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮತ್ತೆ ನೀರಲ್ಲಿ ನೆನೆಸಿದರೂ ಅವು ಪೂರ್ತಿ ತೆರೆಯುವುದಿಲ್ಲ. ಇದಕ್ಕೆ ಹಾರ್ನಿಫಿಕೇಶನ್ ಅಂತಾರೆ. ಜರ್ಮನಿಯ ಪೇಪರ್ ವಿಜ್ಞಾನಿ ಗಿಯೋರ್ಗ್ ಜೇಮೆ ಇದನ್ನು 1944ರಲ್ಲೇ ವಿವರಿಸಿದ್ದರು. ಇಂಥ ನಾರು ಉಬ್ಬುವುದು ಕಮ್ಮಿ, ಬಾಗುವುದೂ ಕಮ್ಮಿ, ಹಾಗಾಗಿ ಪಕ್ಕದ ನಾರಿಗೆ ಸರಿಯಾಗಿ ಅಂಟುವುದಿಲ್ಲ. ಹಳೇ ಬಾಕ್ಸಿನಿಂದ ಮತ್ತೆ ಬಾಕ್ಸ್ ಪೇಪರ್ ಮಾಡುವ ಪ್ರತಿ ಮಿಲ್ಲೂ ಈ ಸಮಸ್ಯೆಗೆ ಏನಾದರೊಂದು ಉಪಾಯ ಮಾಡಲೇಬೇಕು. ಏನು ಮಾಡುತ್ತಾರೆ ಅನ್ನುವುದರ ಮೇಲೆ ನಿಮ್ಮ ಬಾಕ್ಸಿನ ಹಣೆಬರಹ ನಿಂತಿದೆ.

ಸುಲಭದ ದಾರಿ ರಿಫೈನರ್ ಅನ್ನುವ ಮೆಷಿನ್. ಪಲ್ಪನ್ನು (ನೀರಿನಲ್ಲಿ ಕಲಸಿದ ನಾರು) ಲೋಹದ ಪಟ್ಟಿಗಳ ನಡುವೆ ಉಜ್ಜಿದರೆ ನಾರಿನ ಮೈ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಉಬ್ಬುತ್ತದೆ, ಅಂಟು ಚೆನ್ನಾಗಿ ಬರುತ್ತದೆ. ಬಿಎಫ್ ಸರ್ರನೆ ಏರುತ್ತದೆ, ಯಾಕೆಂದರೆ ಬರ್ಸ್ಟ್‌ಗೆ ಬೇಕಾಗಿರುವುದೇ ನಾರು ನಾರಿನ ಹಿಡಿತ. ಆದರೆ ಹಳೇ ನಾರು ಮೊದಲೇ ಗಿಡ್ಡ. ಜಾಸ್ತಿ ಉಜ್ಜಿದರೆ ಇನ್ನೂ ತುಂಡಾಗುತ್ತದೆ, ಪುಡಿ ಜಾಸ್ತಿಯಾಗುತ್ತದೆ, ನೀರು ಬೇಗ ಇಳಿಯುವುದಿಲ್ಲ. ಹಾಳೆ ದಟ್ಟವಾಗಿ, ತೆಳ್ಳಗಾಗುತ್ತದೆ. ಎರಡನೇ ದಾರಿ ಮೇಲಿಂದ ಸ್ಟಾರ್ಚ್ ಬಳಿಯುವುದು. ಅದು ಎಲ್ಲರೂ ಮಾಡುವ ಕೆಲಸ, ಅದರಲ್ಲಿ ಮೋಸ ಇಲ್ಲ. ನಾರಿನಲ್ಲಿ ಇಲ್ಲದ ಬಲವನ್ನು ಪೂರ್ತಿ ಸ್ಟಾರ್ಚ್‌ನಿಂದಲೇ ತರಲು ಹೋದಾಗ ಕಷ್ಟ ಶುರುವಾಗುತ್ತದೆ. ಸ್ಟಾರ್ಚಿನ ಹಿಡಿತ ಒಣಗಿದ್ದಾಗ ಗಟ್ಟಿ, ತೇವದಲ್ಲಿ ಮೆತ್ತಗೆ. ನಮಗೆ ಬಂದ ರೀಲ್‌ನಲ್ಲಿ ಎರಡೂ ದಾರಿ ಹಿಡಿದಿದ್ದರು.

ಬಾಕ್ಸ್ ನಿಲ್ಲುವುದು ಬರ್ಸ್ಟ್ ಮೇಲೆ ಅಲ್ಲವೇ ಅಲ್ಲ. 1963ರಲ್ಲಿ ಮೆಕ್ಕೀ ಮತ್ತು ಜೊತೆಗಾರರು ಬಾಕ್ಸಿನ ಬಲ ಲೆಕ್ಕ ಹಾಕಲು ಕೊಟ್ಟ ಸೂತ್ರವನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಅದರಲ್ಲಿ ಇರುವುದು ರಟ್ಟಿನ ಅಂಚು ತಡೆಯುವ ಒತ್ತಡ ಅಂದರೆ ಇಸಿಟಿ, ರಟ್ಟು ಬಾಗದೆ ನಿಲ್ಲುವ ಬಿಗುಪು, ಬಾಕ್ಸಿನ ಸುತ್ತಳತೆ. ಬರ್ಸ್ಟ್ ಅನ್ನುವ ಮಾತೇ ಆ ಸೂತ್ರದಲ್ಲಿ ಇಲ್ಲ. ನಾವು ಬೇರೆ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿದಾಗ ಆಗಿದ್ದೂ ಇದೇ. ಬರ್ಸ್ಟ್ ಹಳೇ ಬಾಕ್ಸಿಗೆ ಸಮ, ಇಸಿಟಿ ಕಮ್ಮಿ, ತೇವದ ಕೋಣೆಯಲ್ಲಿಟ್ಟು ಒತ್ತಿದಾಗ ಇನ್ನೂ ಕಮ್ಮಿ.

ತೇವ ಅಂದರೆ ಸುಮ್ನೆ ಅಲ್ಲ. ಗಾಳಿಯ ತೇವಾಂಶ 50%ರಿಂದ 90%ಗೆ ಏರಿದರೆ ಒಳ್ಳೆ ಬಾಕ್ಸ್ ಕೂಡ ಹೆಚ್ಚುಕಮ್ಮಿ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಅದರ ಮೇಲೆ ವಾರಗಟ್ಟಲೆ ಭಾರ ಹೊತ್ತು ನಿಂತರೆ ಇನ್ನಷ್ಟು ಕುಗ್ಗುತ್ತದೆ. ಹಗಲು ಒಣಗಿ ರಾತ್ರಿ ತೇವ ಆಗುವ ಜಾಗ, ಒಂದೇ ಸಮ ತೇವ ಇರುವ ಜಾಗಕ್ಕಿಂತ ಕೆಟ್ಟದ್ದು. ಹಾಗಾಗಿಯೇ ಐಎಸ್‌ಓ 187 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪೇಪರನ್ನು 23 ಡಿಗ್ರಿ, 50% ತೇವಾಂಶದಲ್ಲಿ ಇಟ್ಟು ಆಮೇಲೆ ಟೆಸ್ಟ್ ಮಾಡುವುದು. ನಮಗೆ ಕೊಟ್ಟ ರಿಪೋರ್ಟಿನಲ್ಲಿ ಆ ಸಾಲೇ ಇರಲಿಲ್ಲ. ಪೇಪರಿನ ತೇವ 5% ಅಂತ ಒಂದು ಮೂಲೆಯಲ್ಲಿ ಬರೆದಿತ್ತು. ಮೆಷಿನ್‌ನಿಂದ ಇಳಿದ ಬಿಸಿ ಬಿಸಿ ಹಾಳೆಯನ್ನೇ ಒತ್ತಿ ನೋಡಿರಬೇಕು.

ಮಾಲು ಇಳಿಸಿಕೊಳ್ಳುವ ಮುಂಚೆ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ರೀಲ್ ಪೇಪರ್ ಮೇಲೆ ತೆಳು ಅಯೋಡಿನ್ ದ್ರಾವಣ ಒಂದು ಹನಿ ಹಾಕಿ. ಸ್ಟಾರ್ಚ್ ಇದ್ದರೆ ಕಡುನೀಲಿ ಆಗುತ್ತದೆ. ಅದೇ ಪೇಪರನ್ನು ಹರಿದು, ಹರಿದ ಅಂಚಿನ ಒಳಪದರದ ಮೇಲೂ ಹಾಕಿ. ನಮ್ಮ ರೀಲ್‌ನಲ್ಲಿ ಮೇಲ್ಮೈ ಕಪ್ಪಿಟ್ಟಿತು, ಒಳಗೆ ಬಣ್ಣ ಅಷ್ಟಾಗಿ ಏರಲೇ ಇಲ್ಲ. ಬಲವೆಲ್ಲ ತೊಗಲಿನಲ್ಲೇ ಇತ್ತು ಅಂತಾಯಿತು. ಇದನ್ನು ರೀಲ್ ಪೇಪರ್ ಮೇಲೆಯೇ ಮಾಡಿ. ರೆಡಿ ರಟ್ಟಿನ ಮೇಲೆ ಮಾಡಿದರೆ ಅಂಟಿನ ಸ್ಟಾರ್ಚೂ ನೀಲಿಯಾಗಿ ಗೊಂದಲ ಆಗುತ್ತದೆ.

ರೀಸೈಕಲ್ ಪೇಪರೇ ಬೇಡ ಅಂತ ಯಾರೂ ಅಂದುಕೊಳ್ಳಬೇಡಿ. ನಾವು ಈಗಲೂ ಅದನ್ನೇ ಬಳಸುತ್ತೇವೆ. ಕೆಲಸ ಗೊತ್ತಿರುವ ಮಿಲ್‌ನವರು ಉದ್ದ ನಾರು, ಗಿಡ್ಡ ನಾರು ಬೇರೆ ಮಾಡಿ, ಉದ್ದದ್ದನ್ನು ಮಾತ್ರ ಹದವಾಗಿ ರಿಫೈನ್ ಮಾಡುತ್ತಾರೆ. ಬೇಕಾದರೆ ಪೈನ್ ಥರದ ಮರದ ಹೊಸ ಪಲ್ಪ್ ಸ್ವಲ್ಪ ಬೆರೆಸುತ್ತಾರೆ. ಅದರ ನಾರು ಸುಮಾರು 3 ಮಿಲಿಮೀಟರ್, ನೀಲಗಿರಿಯಂಥ ಮರದ್ದು 1 ಮಿಲಿಮೀಟರ್ ಆಸುಪಾಸು. ಕೆಲವರು ಪಲ್ಪಿನೊಳಗೇ ಕ್ಯಾಟಯಾನಿಕ್ (ಪ್ಲಸ್ ಚಾರ್ಜ್ ಇರುವ) ಸ್ಟಾರ್ಚ್ ಅಥವಾ ಪಾಲಿಅಕ್ರಿಲಮೈಡ್ ಅನ್ನುವ ರಾಸಾಯನಿಕ ಸೇರಿಸುತ್ತಾರೆ, ಅದು ನಾರಿಗೇ ಹಿಡಿದುಕೊಳ್ಳುತ್ತದೆ. ಎನ್‌ಜೈಮ್ ಹಾಕಿದ್ದೇವೆ ಅಂದರೆ ಎಷ್ಟು ಹಾಕುತ್ತೀರಿ ಅಂತ ಕೇಳಿ. ಸೆಲ್ಯುಲೇಸ್ ಅನ್ನುವ ಎನ್‌ಜೈಮ್ ಹದ ಮೀರಿದರೆ ನಾರನ್ನೇ ತಿನ್ನುತ್ತದೆ. ನಮ್ಮ ಏಜೆಂಟ್‌ಗೆ ಇದನ್ನೆಲ್ಲ ಕೇಳಿದಾಗ "ಅದು ಮಿಲ್ ಸೀಕ್ರೆಟ್" ಅಂದರು. ಆ ಉತ್ತರ ಬಂದರೆ ಟ್ರಯಲ್‌ಗೆ ಒಂದೇ ರೀಲ್ ತಗೊಳ್ಳಿ, ಲೋಡ್ ಬೇಡ.

ಈಗ ನಮ್ಮ ಆರ್ಡರ್‌ನಲ್ಲಿ ಜಿಎಸ್‌ಎಂ, ಬಿಎಫ್ ಜೊತೆಗೆ ದಪ್ಪ, ಐಎಸ್‌ಓ 9895 ಪ್ರಕಾರ ಎಸ್‌ಸಿಟಿ (ಪೇಪರ್ ಪಟ್ಟಿ ತಡೆಯುವ ಒತ್ತಡ), ಕಾಬ್ (ಪೇಪರ್ ಎಷ್ಟು ನೀರು ಹೀರುತ್ತದೆ ಅನ್ನುವ ಅಂಕಿ), ತೇವಾಂಶ ಎಲ್ಲ ಬರೆಯುತ್ತೇವೆ. 23 ಡಿಗ್ರಿ, 50%ರಲ್ಲಿ ಇಟ್ಟು ಟೆಸ್ಟ್ ಮಾಡಿರಬೇಕು ಅನ್ನುವ ಸಾಲು ಕಡ್ಡಾಯ. ಜಿಎಸ್‌ಎಂ ಇಳಿಸುವ ಮಾತು ಬಂದರೆ ಮೊದಲು ಬಾಕ್ಸ್ ಮಾಡಿ, ತೇವದಲ್ಲಿಟ್ಟು ಒತ್ತಿ ನೋಡುತ್ತೇವೆ. ಇದನ್ನು ಕೇಳಿ ಮತ್ತೆ ಫೋನ್ ಮಾಡದ ಸಪ್ಲೈಯರ್‌ಗಳೂ ಇದ್ದಾರೆ, ಇರಲಿ ಬಿಡಿ.

ಆ ರೀಲ್‌ಗಳನ್ನು ವಾಪಸ್ ತಗೊಳ್ಳಲಿಲ್ಲ. ಆರ್ಡರ್‌ನಲ್ಲಿ ಬರೆದಿದ್ದು ಜಿಎಸ್‌ಎಂ, ಬಿಎಫ್ ಎರಡೇ, ಎರಡೂ ಸರಿ ಇವೆ ಅನ್ನುವುದು ಅವರ ವಾದ. ಭಾರ ಹೊರದ ಒಳಗಿನ ಪ್ಯಾಡ್, ಪಾರ್ಟಿಶನ್‌ಗಳಿಗೆ ಅವನ್ನು ಖಾಲಿ ಮಾಡುತ್ತಿದ್ದೇವೆ.